ಎಂಬತ್ತೇಳರ ಗೆರೆ

೯ ಆಗಸ್ಟ್

ತಮ್ಮನಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಖರ್ಚು. ನಿನ್ನ ಹೆಸರುವಾಸಿ ಎಂಬತ್ತೇಳಕ್ಕೆ ಇಲ್ಲಿಯವರೆಗೆ ತಗುಲಿದ್ದು ಇಷ್ಟು: ಒಬ್ಬ ಹುಡುಗಿಯ ನಾಲ್ಕು ವರ್ಷದ ಕೆಲಸ, ಅವಳ ಒಳ್ಳೆಯ ಹೆಸರು, ನನ್ನ ಒಂದು ಹೊತ್ತಿನ ಊಟ, ಮತ್ತು ನಿನ್ನ ಮೇಲೆ ನಾನಿಟ್ಟಿದ್ದ ನಂಬಿಕೆಯಲ್ಲಿ ಒಂದು ಚೂರು. ಇವುಗಳಲ್ಲಿ ಊಟವನ್ನು ಮಾತ್ರ ಸಂಜೆ ಸರಿದೂಗಿಸಿಕೊಂಡೆ.

ಫೋನ್ ಮಾಡಿದರೆ "ಮೀಟಿಂಗಲ್ಲಿದ್ದೀನಿ ಅಕ್ಕ" ಅನ್ನುತ್ತೀ. ಕಾಗದದ ಹತ್ತಿರ ಆ ಆಟ ನಡೆಯದು. ಮೇಜಿನ ಮೇಲೆ ಬಿದ್ದುಕೊಂಡು ನಿನ್ನ ಮುಖವನ್ನೇ ನೋಡುತ್ತಿರುತ್ತದೆ.

ನಿನ್ನೆ ಮಧ್ಯಾಹ್ನ ಒಂದು ಪಂಪಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತು, ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದೆ, ಕೆಲಸ ಇದೆಯಾ ಅಂದಳು. ಹಳೇ ಪಂಪು, ಹಳೇ ವಾಲ್ವು ರಿಪೇರಿ ಮಾಡಿ ಲ್ಯಾಬುಗಳಿಗೆ ಮಾರುವ ಅಂಗಡಿಗೆ ಅಷ್ಟು ಓದಿದವರು ಕೆಲಸ ಕೇಳಿಕೊಂಡು ಬರುವುದಿಲ್ಲ. ಏನು ಬರುತ್ತಮ್ಮ ನಿನಗೆ ಅಂತ ಕೇಳಿದೆ.

"ಎಣ್ಣೆ ಬದಲಿಸೋಕೆ ಬರುತ್ತೆ ಮೇಡಂ. ಸೋರಿಕೆ ಹುಡುಕೋಕೂ ಬರುತ್ತೆ. ಹುಡುಕಿದ್ದಕ್ಕೇ ಇದ್ದ ಜಾಗ ಹೋಯ್ತು."

ಅಷ್ಟರಲ್ಲಿ ಅವಳ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಏನಿದೆ ಅಂತ ನಿನಗೆ ಗೊತ್ತು. ನಿನ್ನ ಲೇಖನದ ಮೊದಲ ಪುಟಕ್ಕೆ ಗಾಜು ಹಾಕಿಸಿ, ಆ ಎತ್ತರದ ಗೆರೆಗೆ ಕೆಂಪು ಬಾಣ ಬರೆಸಿ, ಕೆಳಗೆ "ಈ ಶೋಧ ನಡೆದದ್ದು ನಮ್ಮ ವಾಲ್ವಿನ ಮೂಲಕ" ಎಂದು ಬರೆಸಿದ್ದೇನೆ. ಬಂದ ಗಿರಾಕಿಗಳೆಲ್ಲ ಅದನ್ನು ಓದಿ ತಲೆದೂಗಿಯೇ ಒಳಗೆ ಕಾಲಿಡುತ್ತಾರೆ.

"ಇದನ್ನ ಇನ್ನೂ ನೇತುಹಾಕಿದೀರಾ?"

"ಯಾಕಮ್ಮ, ಗೆದ್ದಲು ಹಿಡಿದಿದೆಯಾ?"

"ಗೆದ್ದಲಲ್ಲ ಮೇಡಂ. ಅದು ಬರೀ ಗಾಳಿ."

ಮೈ ಉರಿಯಿತು. ಆದರೂ ಸ್ಟೂಲು ಎಳೆದು ಕೂರಿಸಿದೆ. ಅವಳು ನನ್ನ ಡಬ್ಬಿಯಿಂದಲೇ ಎರಡು ನಟ್ಟು, ನಾಲ್ಕು ವಾಷರು ತೆಗೆದು ಮೇಜಿನ ಮೇಲಿಟ್ಟಳು. ಇದು ಮೆಥನಾಲ್, ಮದ್ಯಸಾರಗಳಲ್ಲೆಲ್ಲ ಚಿಕ್ಕದು ಅಂದಳು. ಒಂದು ನಟ್ಟು ಇಂಗಾಲ, ಒಂದು ಆಮ್ಲಜನಕ, ವಾಷರುಗಳು ಹೈಡ್ರೋಜನ್. ಪಕ್ಕಕ್ಕೆ ಒಂದು ದಪ್ಪ ಬೋಲ್ಟು ಇಟ್ಟಳು. ಅದು ನಿನ್ನ ಕೋಬಾಲ್ಟ್ ಅಯಾನು, ತೂಕ ಐವತ್ತೊಂಬತ್ತು.

"ಸರ್ ಹೇಳೋದು, ನಿರ್ವಾತದಲ್ಲಿ ಈ ಒಂಟಿ ಬೋಲ್ಟು ನಾಲ್ಕೂ ವಾಷರು ಕಿತ್ತೆಸೆದು, ಉಳಿದ ಎರಡು ನಟ್ಟನ್ನ ಹಿಡ್ಕೊಳ್ಳುತ್ತೆ ಅಂತ. ಆ ಎರಡರ ತೂಕ ಇಪ್ಪತ್ತೆಂಟು. ಒಟ್ಟು ಎಂಬತ್ತೇಳು, ತೂಕ ಅಳೆಯೋ ಯಂತ್ರ ಗೆರೆ ಎಳೆದದ್ದೂ ಅಲ್ಲೇ. ಆದರೆ ಗಾಳಿಯಲ್ಲಿರೋ ನೈಟ್ರೋಜನ್ ತೂಕಾನೂ ಇಪ್ಪತ್ತೆಂಟೇ ಅಲ್ವಾ ಮೇಡಂ. ಅದಕ್ಕೆ ನಾನು ಒಂದು ತೂಕ ಜಾಸ್ತಿ ಇರೋ ಇಂಗಾಲದ ಮೆಥನಾಲ್ ಹಾಕಿ ನೋಡಿದೆ. ಸರ್ ಮಾತು ನಿಜ ಆಗಿದ್ರೆ ಗೆರೆ ಎಂಬತ್ತೆಂಟಕ್ಕೆ ಹೋಗಬೇಕಿತ್ತು. ಅದು ಅಲ್ಲಾಡಲಿಲ್ಲ."

ನೀನು ಅವಳಿಗೆ ಆ ಬಾಟಲಿಗೂ ಸಾದಾ ಮೆಥನಾಲಿನ ಬಾಟಲಿಗೂ ಅದಲುಬದಲು ಮಾಡಿದ್ದೀಯ ಅಂದೆಯಂತೆ. ಮತ್ತೊಮ್ಮೆ ಮಾಡೋಣ ಸರ್ ಅಂದರೆ ಬೇಡ ಅಂದೆಯಂತೆ. ಲ್ಯಾಬಿನಲ್ಲಿ ಅವಳ ಅಡ್ಡಹೆಸರೇ "ಮತ್ತೊಮ್ಮೆ" ಅಂತೆ. ಇನ್ನೊಂದು ಲ್ಯಾಬಿಗೆ ಸೇರಲು ಅರ್ಜಿ ಹಾಕಿದರೆ, ಬಾಟಲಿ ಕಲಸಿದವಳು ಅನ್ನುವ ಮಾತು ಅವಳಿಗಿಂತ ಮುಂಚೆ ಅಲ್ಲಿ ಕೂತಿರುತ್ತದಂತೆ.

ಇದು ನಿಜವಾ? ಒಂದು ಸಾಲು ಬರೆ ಸಾಕು.

ಕಾಯುತ್ತಿರುವ,
ನಿನ್ನ ಅಕ್ಕ


೨೨ ಆಗಸ್ಟ್

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ತಲುಪಿತು. ಲ್ಯಾಬಿನ ಒಳಗಿನ ವಿಷಯಗಳು ಅಂಗಡಿಯ ಮೇಜಿನ ಮೇಲೆ ನಟ್ಟು ಬೋಲ್ಟುಗಳಲ್ಲಿ ತೀರ್ಮಾನವಾಗುವುದು ನನಗೆ ಇಷ್ಟವಿಲ್ಲ. ಆದರೂ ಕೇಳಿದ್ದೀಯ, ಹೇಳುತ್ತೇನೆ.

ಮೆಥನಾಲಿನ ದೊಡ್ಡಣ್ಣನಾದ ಎಥನಾಲನ್ನು ಕೊಟ್ಟರೆ ಕೋಬಾಲ್ಟ್ ಅದರಿಂದ ನೀರನ್ನು ಬೇರ್ಪಡಿಸುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಹಳೆಯ ಸಂಗತಿ. ಮೆಥನಾಲನ್ನು ಪೂರ್ತಿ ಬರಿದು ಮಾಡುತ್ತದೆ ಎಂದು ತೋರಿಸಿದ್ದು ನಾವು. ಅದಕ್ಕೇ ಲೇಖನಕ್ಕೆ ಅಷ್ಟು ಬೆಲೆ ಬಂತು, ನನಗೆ ಮುಖ್ಯಸ್ಥನ ಕೋಣೆ ಸಿಕ್ಕಿತು. ಗಾಳಿಯ ಅನುಮಾನ ನಮಗೂ ಇತ್ತು. ವಾಲ್ವ್ ಮುಚ್ಚಿ ನೋಡಿದೆವು, ಎಂಬತ್ತೇಳು ಇಲ್ಲ. ತೆರೆದು ಮೆಥನಾಲ್ ಬಿಟ್ಟೆವು, ಬಂತು. ಗಾಳಿ ಸೋರುತ್ತಿದ್ದರೆ ಎರಡು ಸಲವೂ ಕಾಣಬೇಕಿತ್ತು. ಇಷ್ಟು ಸರಳ.

ಆ ಹುಡುಗಿ ಶ್ರಮಜೀವಿ. ಆದರೆ ದಣಿದಿದ್ದಳು. ದಣಿದವರ ಕೈ ತಪ್ಪುತ್ತದೆ. ನಾನು ಅವಳನ್ನು ಹೊರಗೆ ಹಾಕಲಿಲ್ಲ, ಸ್ವಲ್ಪ ದಿನ ವಿಶ್ರಾಂತಿ ತಗೋ ಅಂದೆ. ಅವಳು ಕೀಲಿಕೈ ಮೇಜಿನ ಮೇಲಿಟ್ಟು ಹೋದಳು.

ಅಂದಹಾಗೆ, ನೀನು ಕೊಟ್ಟಿದ್ದ ಆ ವಾಲ್ವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹಿಡಿ ಸ್ವಲ್ಪ ಬಿಗಿಯಾಗಿದೆ, ನೋಡು. ಇದಕ್ಕೂ ಮೇಲಿನ ವಿಷಯಕ್ಕೂ ಸಂಬಂಧವಿಲ್ಲ.

ಇಂತಿ,
ನಿನ್ನ ತಮ್ಮ


೫ ಸೆಪ್ಟೆಂಬರ್

ತಮ್ಮನಿಗೆ,

ವಾಲ್ವ್ ವಾಪಸ್ ಕಳಿಸಿದ್ದೇನೆ. ಹಿಡಿ ಈಗ ಬೆಣ್ಣೆಯಂತೆ ತಿರುಗುತ್ತದೆ. ಗ್ರೀಸು ಒಣಗಿತ್ತು, ಅಷ್ಟೇ. ಹೇಗೂ ಬಿಚ್ಚಿದ್ದೆನಲ್ಲ ಅಂತ ಒಳಗಿನ ಒಂದು ಭಾಗವನ್ನೂ ಹೊಸದು ಹಾಕಿದ್ದೇನೆ. ಬೇಕಾಗಿರಲಿಲ್ಲ, ನನ್ನ ಕೈ ಸುಮ್ಮನಿರುವುದಿಲ್ಲ.

ನಿನ್ನ ಮಾತು ಓದಿ ಸಮಾಧಾನವಾಯಿತು. ದಣಿದವರ ಕೈ ತಪ್ಪುತ್ತದೆ, ಸರಿಯಾಗಿ ಹೇಳಿದೆ. ಆ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಇಲ್ಲಿ ಕೆಲಸವಿಲ್ಲ ಅಂದೆ. ಸರಿ ಮೇಡಂ ಅಂದಳು. ಹೋಗುವಾಗ ಮೇಜಿನ ಮೇಲೆ ಉಳಿದಿದ್ದ ನಟ್ಟು, ವಾಷರುಗಳನ್ನು ಅವುಗಳ ಡಬ್ಬಿಗೇ ವಾಪಸ್ ಹಾಕಿದಳು.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಗೋಡೆಯ ಚಿತ್ರಕ್ಕೆ ನಿನ್ನೆ ಗಾಜು ಒರೆಸಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಪ್ರೀತಿಯ,
ಅಕ್ಕ


೧೯ ಸೆಪ್ಟೆಂಬರ್

ಅಕ್ಕನಿಗೆ,

ವಾಲ್ವ್ ಜೋಡಿಸಿ ಮೆಥನಾಲ್ ಬಿಟ್ಟೆ. ಎಂಬತ್ತೇಳು ಇಲ್ಲ. ಬೇರೆ ಬಾಟಲಿ ಹಾಕಿದೆ. ಇಲ್ಲ. ಲ್ಯಾಬಿನವರನ್ನೆಲ್ಲ ಮನೆಗೆ ಕಳಿಸಿ ಒಬ್ಬನೇ ಮಾಡಿದೆ. ಇಲ್ಲ.

ಒಳಗೆ ಏನು ಬದಲಿಸಿದೆ?

ತಮ್ಮ


೨೭ ಸೆಪ್ಟೆಂಬರ್

ತಮ್ಮನಿಗೆ,

ಈ ಕಾಗದವನ್ನು ಮೂರು ಸಲ ಶುರು ಮಾಡಿ ಹರಿದೆ. ನಾನು ಮಾತಿಗೆ ತಡವರಿಸುವವಳಲ್ಲ ಅಂತ ನಿನಗೆ ಗೊತ್ತು.

ವಾಲ್ವಿನ ಒಳಗೆ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಒಂದು ತೆಳು ಲೋಹದ ಕೊಳವೆ ಇರುತ್ತದೆ. ಹೊರಗಿನ ಗಾಳಿಯನ್ನು ಒಳಗಿನ ನಿರ್ವಾತದಿಂದ ದೂರ ಇಡುವುದು ಅದೇ. ನಾನು ನಿನಗೆ ಕೊಟ್ಟ ವಾಲ್ವಿನಲ್ಲಿ ಆ ಕೊಳವೆಗೆ ನಾನೇ ಬೆಸುಗೆ ಹಾಕಿದ್ದೆ. ಬೆಸುಗೆಯ ಅಂಚಿನಲ್ಲೇ ಕೂದಲಷ್ಟು ಬಿರುಕು ಬಿಟ್ಟಿತ್ತು. ವಾಲ್ವ್ ಮುಚ್ಚಿ ಹೀಲಿಯಂ ಊದಿದೆ, ಸೋರಿಕೆ ಹುಡುಕುವ ಯಂತ್ರ ಸುಮ್ಮನಿತ್ತು. ಹಿಡಿ ತಿರುಗಿಸಿ ತೆರೆದೆ. ಮಡಿಕೆ ಎಳೆದುಕೊಂಡಿತು, ಬಿರುಕು ಬಾಯಿ ಬಿಟ್ಟಿತು, ಯಂತ್ರ ಕಿರುಚಿಕೊಂಡಿತು.

ಅರ್ಥವಾಯಿತಲ್ಲ. ನೀನು ಮುಚ್ಚಿ ನೋಡಿದಾಗ ಗಾಳಿ ಹೊರಗಿತ್ತು. ಮೆಥನಾಲ್ ಬಿಡಲು ತೆರೆದಾಗಲೆಲ್ಲ ಅದರ ಜೊತೆ ಗಾಳಿಯೂ ಒಳಗೆ ಹೋಯಿತು. ಮೆಥನಾಲ್ ಇಲ್ಲದ ಬರೀ ಬಾಟಲಿ ಇಟ್ಟು ತೆರೆದು ನೋಡಬೇಕಿತ್ತು. ನೀನು ನೋಡಲಿಲ್ಲ. ನಾನೂ ಮಾರುವ ಮುಂಚೆ ಮುಚ್ಚಿಯೇ ಪರೀಕ್ಷೆ ಮಾಡಿದ್ದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ಸಾಬೀತಾಯಿತು.

ಇದೆಲ್ಲ ಆ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಹೊಸ ಕೊಳವೆ ಹಾಕಿ, ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆದು, ನಿನಗೆ ಬೆಣ್ಣೆ, ಗ್ರೀಸು ಅಂತ ಬರೆದೆ. ಕೊಳವೆ ಬದಲಿಸಿದ ಮಾರನೇ ದಿನವೇ ಆ ಹುಡುಗಿ ಬಂದದ್ದು. ಕೆಲಸವಿಲ್ಲ ಅನ್ನುವಾಗ ಅವಳ ಮುಖ ನೋಡಲಾಗದೆ ಪಂಪಿನ ಕಡೆ ತಿರುಗಿಕೊಂಡಿದ್ದೆ.

ಈಗ ಕೇಳು. ಆದದ್ದು ಆಯಿತು. ವಾಲ್ವ್ ಸರಿಯಾಗಿದೆ. ಮುಂದಿನ ತಿಂಗಳು ನೀನು ದೊಡ್ಡ ಸಭೆಯಲ್ಲಿ ಮಾತಾಡಬೇಕು. ಮೆಥನಾಲಿನ ಸುದ್ದಿ ಎತ್ತಬೇಡ, ಎಥನಾಲಿನ ಬಗ್ಗೆ ಮಾತಾಡು. ಒಂದು ಗೆರೆ ಮೆಲ್ಲಗೆ ಮರೆತುಹೋದರೆ ಯಾರ ಮನೆಯೂ ಮುಳುಗುವುದಿಲ್ಲ. ನನ್ನ ಅಂಗಡಿ ಇದೆ, ನಿನ್ನ ಕೋಣೆ ಇದೆ. ಹುಡುಗಿ ಚುರುಕಾಗಿದ್ದಾಳೆ, ಎಲ್ಲಾದರೂ ಬದುಕಿಕೊಳ್ಳುತ್ತಾಳೆ.

ಕಾಗದ ಓದಿ ಹರಿದು ಹಾಕು.

ನಿನ್ನ ಅಕ್ಕ


೩೦ ಅಕ್ಟೋಬರ್

ಅಕ್ಕನಿಗೆ,

ನೀನು ಹೇಳಿದ ಹಾಗೆಯೇ ಮಾಡಿದೆ. ನಿನ್ನ ಮೇಲೆ ಹಾಕುತ್ತಿಲ್ಲ. ನೀನು ಹೇಳದಿದ್ದರೂ ಹಾಗೆಯೇ ಮಾಡುತ್ತಿದ್ದೆ, ನಿನ್ನ ಕಾಗದದಿಂದ ಧೈರ್ಯ ಬಂತು ಅಷ್ಟೇ.

ಎಥನಾಲಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ಹೊರಗೆ ಚಹಾ ಕುಡಿಯುವಾಗ ಇನ್ನೊಂದು ಲ್ಯಾಬಿನ ಮುಖ್ಯಸ್ಥೆ ಹತ್ತಿರ ಬಂದರು. ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. "ನಿಮ್ಮ ಎಂಬತ್ತೇಳು ನಮ್ಮ ಕೈಗೆ ಸಿಗ್ತಾನೇ ಇಲ್ಲ ನೋಡಿ. ನಮ್ಮ ಹುಡುಗ ವರ್ಷದಿಂದ ಹುಡುಕ್ತಿದಾನೆ. ತನ್ನ ಕೈಗುಣವೇ ಸರಿ ಇಲ್ಲ ಅಂತ ಅವನು ತೀರ್ಮಾನ ಮಾಡಿಬಿಟ್ಟಿದಾನೆ. ಏನು ಗುಟ್ಟು ಸ್ವಲ್ಪ ಹೇಳಿ" ಅಂದರು. ನಾನು ನಕ್ಕೆ. ಒತ್ತಡ ಸ್ವಲ್ಪ ನೋಡಿಕೊಳ್ಳಬೇಕು ಅಂದೆ.

ಆಮೇಲೆ ಅವರು, "ನಿಮ್ಮಲ್ಲಿದ್ದ ಒಬ್ಬಳು ನಮ್ಮಲ್ಲಿಗೆ ಅರ್ಜಿ ಹಾಕಿದಾಳೆ. ಅದೇ, ಬಾಟಲಿ ಕಲಸಿದವಳಂತಲ್ಲ, ಅವಳೇ ತಾನೆ?" ಅಂದರು.

ಹೌದು ಅನ್ನಲಿಲ್ಲ ಅಕ್ಕ. ಹೌದೆನ್ನುವ ಹಾಗೆ ತಲೆ ಆಡಿಸಿದೆ.

ಅವರು "ಪಾಪ" ಅಂದು, ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿದರು. ನಾನು ಒಂದು ತೆಗೆದುಕೊಂಡು ತಿಂದೆ.

ಇನ್ನೊಂದು ವಿಷಯ. ಗೆರೆಗಳನ್ನು ಮತ್ತೆ ನೋಡಿದೆ. ತೊಂಬತ್ತೊಂದರ ಹತ್ತಿರ ಇನ್ನೊಂದು ಗೆರೆ ಇತ್ತು. ಮೆಥನಾಲ್ ಹಾಗೇ ಇಡಿಯಾಗಿ ಕೋಬಾಲ್ಟಿಗೆ ಅಂಟಿದ್ದು ಎಂದು ಬರೆದಿದ್ದೆವು. ಮೆಥನಾಲಿನ ತೂಕ ಮೂವತ್ತೆರಡು. ಗಾಳಿಯ ಆಮ್ಲಜನಕದ್ದೂ ಮೂವತ್ತೆರಡು. ಗಾಳಿ ಎರಡು ಕೈಯಲ್ಲೂ ನಮಗೆ ಬೇಕಾದದ್ದನ್ನೇ ಹಿಡಿದುಕೊಂಡು ಬಂದಿತ್ತು. ನಾವು ಬೇರೆ ಏನನ್ನೂ ಕೇಳಲಿಲ್ಲ. ಕೇಳಿದವಳು ಒಬ್ಬಳೇ.

ನಿನ್ನ ಕಾಗದ ಹರಿದಿಲ್ಲ.

ತಮ್ಮ


೧೪ ನವೆಂಬರ್

ತಮ್ಮನಿಗೆ,

ನೀನು ತಿಂದ ಬಿಸ್ಕತ್ತು ನನಗೆ ಅರಗುತ್ತಿಲ್ಲ.

ಗುಜರಿ ಡಬ್ಬವನ್ನು ನೆಲಕ್ಕೆ ಸುರಿದು ಹುಡುಕಿದೆ. ಗುಜರಿಯವನು ಎರಡು ತಿಂಗಳಿಂದ ಬಂದಿರಲಿಲ್ಲ, ಅವನ ಸೋಮಾರಿತನಕ್ಕೆ ನೂರು ವರ್ಷ ಆಯಸ್ಸು. ಒಡೆದ ಕೊಳವೆ ಸಿಕ್ಕಿತು. ಚಿಂದಿಯಲ್ಲಿ ಸುತ್ತಿಕೊಂಡು ಹುಡುಗಿಯನ್ನು ಹುಡುಕಿಕೊಂಡು ಹೋದೆ.

ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ನಿಂತಿದ್ದಾಳೆ. ನನ್ನ ಮುಂದೆ ಸಾಲಿನಲ್ಲಿ ಒಬ್ಬ ಗಡಿಬಿಡಿಯವನಿದ್ದ. ಅವಳು ಅವನ ಬಾಟಲಿಯ ಚೀಟಿಯನ್ನು ಓದಿ, ತಿರುಗಿಸಿ, ಮತ್ತೆ ಓದುತ್ತಿದ್ದಳು. "ಏನ್ರೀ, ಪರೀಕ್ಷೆಗೆ ಓದ್ತಿದೀರಾ?" ಅಂದ ಅವನು. "ನನ್ನ ಮೇಲೆ ಬಾಟಲಿ ಬದಲಾಯಿಸಿದ ಆರೋಪ ಇದೆ, ಅದಕ್ಕೆ" ಅಂದಳು. ಅವನು ತಮಾಷೆ ಅಂದುಕೊಂಡು ನಕ್ಕ. ಅವಳೂ ನಕ್ಕಳು. ನಾನು ಅಲ್ಲಿಂದ ಹಾಗೇ ಹಿಂದಕ್ಕೆ ತಿರುಗಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ನನ್ನ ಸರದಿ ಬಂತು.

ಕೊಳವೆಯನ್ನು ಅವಳ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಸುಗೆ ನನ್ನದು, ಬಚ್ಚಿಟ್ಟದ್ದೂ ನಾನೇ ಅಂದೆ. ಅವಳು ಬೆಳಕಿಗೆ ಹಿಡಿದು, ಮಡಿಕೆಯನ್ನು ಮೆಲ್ಲಗೆ ಎಳೆದು ನೋಡಿದಳು. ಬಿರುಕು ಕಂಡಿತು.

"ತೆರೆದಾಗ ಮಾತ್ರ" ಅಂದಳು. "ನಂಗೆ ಇದು ಹೊಳೀಲಿಲ್ಲ ಮೇಡಂ. ಗಾಳಿ ಅಂತ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ನಿಜವಾಗಲೂ ನಾನೇ ಬಾಟಲಿ ಕಲಸಿದ್ನಾ ಅಂತ ಎಷ್ಟೋ ಸಲ ಅನ್ಸಿಬಿಡ್ತಿತ್ತು."

ಈ ಮಾತು ನನಗೆ ತಾಗಿದ ಹಾಗೆ ಬೈಗುಳ ತಾಗುತ್ತಿರಲಿಲ್ಲ. ನೀನೇ ಇದನ್ನು ಇಟ್ಟುಕೊ, ಎಲ್ಲರಿಗೂ ತೋರಿಸು ಅಂದೆ.

"ಬೇಡ. ನಾನು ತೋರಿಸಿದ್ರೆ, ಇದನ್ನೂ ಇವಳೇ ಮುರಿದು ತಂದಿದಾಳೆ ಅಂತಾರೆ. ಹೇಳಿದವರೇ ಅಲ್ಲ ಅನ್ನಬೇಕು."

"ಅವನು ನನ್ನ ತಮ್ಮ ಕಣಮ್ಮ. ಕೆಟ್ಟವನಲ್ಲ."

"ಗೊತ್ತು ಮೇಡಂ. ಕೆಟ್ಟವರಾಗಿದ್ರೆ ಅವತ್ತೇ ಬೈದು ಬರ್ತಿದ್ದೆ."

ಹಿಂದಿನವರು ಗೊಣಗತೊಡಗಿದರು. ಏನಾದರೂ ತಗೊಳ್ಳದೆ ಹೇಗೆ ಬರುವುದು, ತಲೆನೋವಿನ ಮಾತ್ರೆ ಕೊಡು ಅಂದೆ. ಅದರ ಚೀಟಿಯನ್ನೂ ಎರಡು ಸಲ ಓದಿಯೇ ಕೊಟ್ಟಳು.

ಗೋಡೆಯ ಚಿತ್ರ ಇಳಿಸಿದ್ದೇನೆ. ಕೊಳವೆ ಇದರ ಜೊತೆ ಬರುತ್ತಿದೆ. ಹಿಂದಿನ ಕಾಗದದಲ್ಲಿ ನಾನು ಕೊಟ್ಟ ಬುದ್ಧಿಯನ್ನು ವಾಪಸ್ ಪಡೆಯುತ್ತೇನೆ. ಲೇಖನ ಹಿಂತೆಗೆದುಕೊ, ಅವಳ ಹೆಸರು ತೊಳೆ. ವಾಲ್ವ್ ಯಾರ ಅಂಗಡಿಯದು ಅಂತಲೂ ಬರೆ. ಅದನ್ನು ಬಿಟ್ಟು ಬರೆದರೆ ನಾನೇ ಬಂದು ಸೇರಿಸುತ್ತೇನೆ.

ಅಕ್ಕ


೨೦ ಡಿಸೆಂಬರ್

ಅಕ್ಕನಿಗೆ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕಾರಣ ಮೀಟಿಂಗ್ ಅಲ್ಲ. ನಾಲ್ಕು ಸಾಲು ಬರೆಯುವುದಿತ್ತು. ಅದಕ್ಕೆ ಇಷ್ಟು ದಿನ ಹಿಡಿಯಿತು.

ಮೊದಲು "ಉಪಕರಣದ ದೋಷದಿಂದ" ಎಂದು ಬರೆದೆ. ಓದಿದರೆ ಯಂತ್ರ ತಾನಾಗಿ ಕೆಟ್ಟು, ನಾನು ಪಕ್ಕದಲ್ಲಿ ನಿಂತು ಮರುಗಿದ ಹಾಗೆ ಕೇಳಿಸಿತು. ಹೊಡೆದುಹಾಕಿದೆ. ಈಗ ಪತ್ರಿಕೆಗೆ ಹೋಗಿರುವುದು ಇದು: "ಎಂಬತ್ತೇಳರ ಗೆರೆ ಗಾಳಿಯ ನೈಟ್ರೋಜನ್ನಿನದು, ಮೆಥನಾಲಿನದಲ್ಲ. ವಾಲ್ವ್ ತೆರೆದು, ಬರಿದಾದ ಬಾಟಲಿಯೊಡನೆ ಮಾಡಬೇಕಿದ್ದ ಪರೀಕ್ಷೆಯನ್ನು ನಾವು ಮಾಡಲಿಲ್ಲ. ನಮ್ಮ ವಿದ್ಯಾರ್ಥಿನಿ ಭಾರದ ಇಂಗಾಲದಿಂದ ಇದನ್ನು ತೋರಿಸಿದ್ದಳು. ಅವಳು ಬಾಟಲಿಗಳನ್ನು ಅದಲುಬದಲು ಮಾಡಿದಳೆಂದು ನಾನು ಹೇಳಿದ್ದು ಸುಳ್ಳು." ಕೆಳಗೆ ಅವಳ ಹೆಸರು, ನನ್ನ ಸಹಿ. ವಾಲ್ವಿನ ಮಾತು ಅಡಿಟಿಪ್ಪಣಿಯಲ್ಲಿದೆ, ನಿನ್ನ ಅಂಗಡಿಯ ಹೆಸರೂ ಇದೆ. ತಪ್ಪು ಎನ್ನುವ ಪದ ಬರೆದಿದ್ದೆ, ಅಚ್ಚಿಗೆ ಹೋಗುವ ಮುಂಚೆ ಸುಳ್ಳು ಎಂದು ತಿದ್ದಿದೆ.

ದಾರದ ಕನ್ನಡಕದವರಿಗೆ ಬೇರೆ ಕಾಗದ ಬರೆದೆ. ಅವತ್ತು ತಲೆ ಆಡಿಸಿದ್ದನ್ನೂ ಬರೆದೆ. ಅವರು ಉತ್ತರದಲ್ಲಿ ನನ್ನ ಬಗ್ಗೆ ಏನೂ ಅನ್ನಲಿಲ್ಲ. ಅವಳಿಗೆ ಜಾಗವಿದೆ, ಜನವರಿಯಲ್ಲಿ ಬರಲಿ ಎಂದಷ್ಟೇ ಇತ್ತು.

ಅವಳಿಗೆ ಫೋನ್ ಮಾಡಿ, ಹೋಗುವ ಮುಂಚೆ ನಿನ್ನ ಪ್ರಯೋಗ ನೀನೇ ಮುಗಿಸುತ್ತೀಯಾ ಎಂದು ಕೇಳಿದೆ. ಬಂದಳು. ನನ್ನ ಕೋಣೆಯೊಳಗೆ ಬರಲಿಲ್ಲ. ಚಹಾ ತರಿಸಿದ್ದೆ, ಆರಿಹೋಯಿತು. ಮೊದಲು ಬರೀ ಬಾಟಲಿ ಇಟ್ಟು ವಾಲ್ವ್ ತೆರೆದು ನೋಡಿದಳು. ಏನೂ ಇಲ್ಲ. ಆಮೇಲೆ ಭಾರದ ಇಂಗಾಲದ ಮೆಥನಾಲ್ ಬಿಟ್ಟಳು. ತೊಂಬತ್ತೆರಡರಲ್ಲಿ ಒಂದು ಸಣ್ಣ ಗೆರೆ ಎದ್ದಿತು, ಬೇರೆಲ್ಲೂ ಇಲ್ಲ. ಮೆಥನಾಲ್ ಕೋಬಾಲ್ಟಿನ ಮೇಲೆ ಹೋಗಿ ಇಡಿಯಾಗಿ ಕೂತಿದೆ, ಒಂದು ಹೈಡ್ರೋಜನ್ನೂ ಬಿಟ್ಟುಕೊಟ್ಟಿಲ್ಲ. ಲೋಕಕ್ಕೆ ಬೇಕಾಗದ ಫಲಿತಾಂಶ. ನಾನು ನೋಡಿದ ಗೆರೆಗಳಲ್ಲೆಲ್ಲ ಅಚ್ಚುಕಟ್ಟಾದದ್ದು.

ಕ್ಷಮಿಸು ಎನ್ನಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ. ಅವಳ ಬೆನ್ನ ಹಿಂದೆ ನಿಂತು "ನೋಡಮ್ಮ" ಅಂದೆ. ಅವಳು ತೆರೆಯಿಂದ ಕಣ್ಣು ತೆಗೆಯದೆ, "ಮತ್ತೊಮ್ಮೆ ಮಾಡೋಣ ಸರ್" ಅಂದಳು. ನಾನು ಬಾಟಲಿ ಹಿಡಿದುಕೊಂಡೆ. ಚೀಟಿ ಎರಡು ಸಲ ಓದಿದೆ.

ಎರಡನೆಯ ಸಲವೂ ತೊಂಬತ್ತೆರಡೇ ಬಂತು. ಅವಳು ಎದ್ದು ಹೋದಳು. ನನ್ನ ಮಾತು ಬಾಯಲ್ಲೇ ಉಳಿಯಿತು.

ನಿನ್ನ ತಮ್ಮ


೧೧ ಜನವರಿ

ತಮ್ಮನಿಗೆ,

ಆ ಮಾತನ್ನು ನೀನು ಎಲ್ಲರೂ ಓದುವ ಪತ್ರಿಕೆಯಲ್ಲಿ ಹೇಳಿದ್ದೀಯ. ಅವಳ ಮುಖ ನೋಡಿ ಹೇಳುವುದು ಬಾಕಿ ಇದೆ. ಅವಳು ಯಾವಾಗ ಕೇಳಿಸಿಕೊಳ್ಳುತ್ತಾಳೆ ಅನ್ನುವುದು ಅವಳಿಷ್ಟ. ನನ್ನದೂ ಹಾಗೇ ಬಾಕಿ ಇದೆ. ಔಷಧಿ ಅಂಗಡಿಯಲ್ಲಿ ಎಲ್ಲ ಹೇಳಿದೆ, ಅದೊಂದು ಬಿಟ್ಟು. ಬದಲಿಗೆ ಮಾತ್ರೆ ತಗೊಂಡು ಬಂದೆ.

ಇಬ್ಬರು ಗಿರಾಕಿಗಳು ತಮ್ಮ ವಾಲ್ವುಗಳನ್ನು ತಂದು ಮೇಜಿನ ಮೇಲಿಟ್ಟು, "ತೆರೆದು ನೋಡಿ ಕೊಡಮ್ಮ" ಅಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ನೊಬ್ಬರು ಬರುವುದನ್ನೇ ನಿಲ್ಲಿಸಿದ್ದಾರೆ. ಈಗ ಪ್ರತಿ ವಾಲ್ವನ್ನೂ ಮುಚ್ಚಿಯೂ ತೆರೆದೂ ಪರೀಕ್ಷೆ ಮಾಡುತ್ತೇನೆ. ಕೆಲಸ ಎರಡರಷ್ಟಾಗಿದೆ. ದೂರುವಂತಿಲ್ಲ.

ಆಗಸ್ಟಿನಲ್ಲಿ ಖರ್ಚು ಬರೆದಿದ್ದೆ. ಈಗ ಯಾರಿಗೆ ಏನು ಬಂತು ಅಂತ ಬರೆದು ಈ ವಿಷಯ ಮುಗಿಸುತ್ತೇನೆ.

ನಿನಗೆ: ಮುಖ್ಯಸ್ಥನ ಕೋಣೆ ಹೋಗಿ, ಮೆಟ್ಟಿಲ ಪಕ್ಕದ ಹಳೇ ಕೋಣೆ ಸಿಕ್ಕಿದೆ ಅಂತ ಕೇಳಿದೆ. ಕಿಟಕಿ ಇದೆಯಲ್ಲ, ಸಾಕು.

ವರ್ಷವಿಡೀ ಇಲ್ಲದ ಗೆರೆ ಹುಡುಕಿದ ಆ ಇನ್ನೊಂದು ಲ್ಯಾಬಿನ ಹುಡುಗನಿಗೆ: ತನ್ನ ಕೈಗುಣದ ಮೇಲೆ ನಂಬಿಕೆ. ಕಳೆದ ವರ್ಷ ಮಾತ್ರ ಬರುವುದಿಲ್ಲ.

ಮೆಥನಾಲಿಗೆ: ಅದರ ನಾಲ್ಕೂ ಹೈಡ್ರೋಜನ್.

ನನಗೆ: ಗೋಡೆಯ ಮೇಲೆ ಒಂದು ಮೊಳೆ. ಕೀಳಲಿಲ್ಲ. ಬಂದವರು ಏನಮ್ಮ ಇತ್ತು ಇಲ್ಲಿ ಅಂತ ಕೇಳಲಿ, ಕೇಳಿದಾಗಲೆಲ್ಲ ಹೇಳುತ್ತೇನೆ.

ಹುಡುಗಿಗೆ: ಮೊದಲಿನಿಂದಲೂ ಅವಳದೇ ಆಗಿದ್ದ ಒಳ್ಳೆಯ ಹೆಸರು, ತಡವಾಗಿ.

ನಿನ್ನ ಅಕ್ಕ